ಮೊಟ್ಟೆಗೆ ದಿನಾ ರೇಟ್ ಬರುತ್ತದೆ, ಕಡಬಿಗೆ ಯಾಕೆ ಬರಲ್ಲ?

ಹುಮನಾಬಾದಿನಲ್ಲಿ ನನ್ನದು ಮೊಟ್ಟೆ ಹೋಲ್‌ಸೇಲ್ ವ್ಯಾಪಾರ. ಮನೆ ಚಿಟಗುಪ್ಪ ಕಡೆಯ ಹಳ್ಳಿಯಲ್ಲಿ. ನಾಲ್ಕು ಎಕರೆ ಹೊಲ ಇದೆ, ಅವ್ವ ಮೂರು ಎಮ್ಮೆ ಕಟ್ಟಿದ್ದಾಳೆ. ಚಿಕ್ಕಪ್ಪನ ಮಗ ಊರ ಹೊರಗೆ ಶೆಡ್ ಹಾಕಿ ಬ್ರಾಯ್ಲರ್ ಸಾಕುತ್ತಾನೆ. ಹಾಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಮೊಟ್ಟೆ ರೇಟು, ಕೋಳಿ ರೇಟು, ಕಡಬಿ ರೇಟು ಇದ್ದದ್ದೇ. ಕಡಬಿ ಅಂದರೆ ದನಕ್ಕೆ ಹಾಕುವ ಒಣಗಿದ ಜೋಳದ ದಂಟು. ಮೊಟ್ಟೆ ರೇಟು ಊರಿಗೆಲ್ಲ ಗೊತ್ತಾಗುತ್ತದೆ. ಕೋಳಿ ರೇಟು ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ. ಕಡಬಿ ರೇಟು ಮಾತ್ರ ಕೊಳ್ಳುವವನಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಮಾರುವವನಿಗೂ ಗೊತ್ತಿರುವುದಿಲ್ಲ. ಇದು ನನಗೆ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ.

ಮೊದಲು ಮೊಟ್ಟೆಯ ಮಾತು. ಬೀದರ್ ಜಿಲ್ಲೆಗೆ ಮೊಟ್ಟೆ ಹೆಚ್ಚಾಗಿ ಬರುವುದು ಹೈದರಾಬಾದ್ ಕಡೆಯಿಂದ. ರಾತ್ರಿ ಲೋಡ್ ಆದ ಗಾಡಿ ಜಹೀರಾಬಾದ್ ದಾಟಿ ಬೆಳಗಾಗುವಷ್ಟರಲ್ಲಿ ಇಲ್ಲಿರುತ್ತದೆ. ಕಲಬುರಗಿ, ಯಾದಗಿರಿ ಕಡೆಗೆ ಹೊಸಪೇಟೆ ಮೊಟ್ಟೆಯೂ ಬರುತ್ತದೆ. ಹೈದರಾಬಾದ್, ಹೊಸಪೇಟೆ ಎರಡಕ್ಕೂ ಎನ್‌ಇಸಿಸಿಯವರು, ಅಂದರೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯವರು, ದಿನಾ ಬೇರೆ ಬೇರೆ ರೇಟ್ ಕೊಡುತ್ತಾರೆ, 100 ಮೊಟ್ಟೆಗೆ ಇಷ್ಟು ಅಂತ. ಎರಡರ ನಡುವೆ ನೂರಕ್ಕೆ ಹತ್ತು ಹದಿನೈದು ರೂಪಾಯಿ ಫರಕು ಬಂದರೆ ಸಾಕು, ಯಾವ ಕಡೆಯ ಗಾಡಿ ತರಿಸಬೇಕು ಅಂತ ಕಲಬುರಗಿಯ ವ್ಯಾಪಾರಿಗಳು ಫೋನ್ ಹಿಡಿದು ಕೂಡುತ್ತಾರೆ.

ಲೆಕ್ಕ ಸರಳ. ಪೇಪರ್ ರೇಟ್, ಅಂದರೆ ಎನ್‌ಇಸಿಸಿ ಕೊಟ್ಟ ರೇಟ್, 560 ಅಂತಿಟ್ಟುಕೊಳ್ಳಿ. ಒಂದು ಮೊಟ್ಟೆಗೆ 5 ರೂಪಾಯಿ 60 ಪೈಸೆ. 30 ಮೊಟ್ಟೆಯ ಟ್ರೇಗೆ 168. ಏಳು ಟ್ರೇ ಸೇರಿದರೆ ಒಂದು ಬಾಕ್ಸ್, ಅಂದರೆ 210 ಮೊಟ್ಟೆ, 1,176 ರೂಪಾಯಿ. ಇದರ ಮೇಲೆ ಗಾಡಿ ಬಾಡಿಗೆ, ಹಮಾಲಿ, ಒಡೆದದ್ದರ ಲುಕ್ಸಾನು, ನನ್ನ ಲಾಭ, ಕಿರಾಣಿಯವನ ಲಾಭ. ಪೇಪರ್ ರೇಟ್ ಎಲ್ಲರೂ ಪಾಲಿಸಲೇಬೇಕಾದ ಕಾನೂನಲ್ಲ, ಅದು ಸಲಹೆಯ ರೇಟು. ಮಾಲು ಜಾಸ್ತಿ ಬಿದ್ದ ದಿನ ಫಾರ್ಮಿನವರು ನೂರಕ್ಕೆ ಇಪ್ಪತ್ತೋ ಮೂವತ್ತೋ ಕಡಿಮೆ ಮಾಡಿ ಬಿಡುತ್ತಾರೆ. ಅದಕ್ಕೆ ನಾವು ಮೈನಸ್ ಅನ್ನುತ್ತೇವೆ. ಆದರೂ ಪೇಪರ್ ರೇಟ್ ಅಂತ ಒಂದು ಇರುವುದರಿಂದಲೇ ಮೈನಸ್ ಎಷ್ಟು ಅಂತ ಕೇಳಲು ಆಗುತ್ತದೆ, ಅಲ್ವಾ? ಅಳೆಯಲು ಒಂದು ಗೆರೆ ಇದ್ದರೆ ತಾನೇ ಮೇಲೋ ಕೆಳಗೋ ಅಂತ ಹೇಳುವುದು.

ಈ ಗೆರೆ ಸುಮ್ನೆ ಬಂದದ್ದಲ್ಲ. 1982ಕ್ಕಿಂತ ಮುಂಚೆ ದೊಡ್ಡ ದೊಡ್ಡ ಶಹರದ ವ್ಯಾಪಾರಿಗಳು ಹೇಳಿದ್ದೇ ಮೊಟ್ಟೆಯ ಬೆಲೆ. ಸಾಕಿದವನು ಖರ್ಚು ಹುಟ್ಟದಿದ್ದರೂ ಕೊಡಬೇಕಿತ್ತು, ಯಾಕೆಂದರೆ ಮೊಟ್ಟೆಯನ್ನು ಹಿಡಿದಿಟ್ಟು ಕೂಡಲು ಆಗುವುದಿಲ್ಲ. ಆಗ ಡಾ. ಬಿ.ವಿ. ರಾವ್ ಅವರು ಊರೂರು ತಿರುಗಿ ಕೋಳಿ ಸಾಕುವವರನ್ನು ಒಂದು ಮಾಡಿದರು. ಆ ವರ್ಷ ಹುಟ್ಟಿದ್ದೇ ಎನ್‌ಇಸಿಸಿ. 'ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು' ಅನ್ನುವುದು ಅವರ ಘೋಷಣೆ. ಬೆಲೆಯನ್ನು ಬೆಳೆದವನೇ ಹೇಳಬೇಕು ಅನ್ನುವ ಆ ಮಾತಿನ ಮೇಲೆ ನನಗೆ ತುಂಬಾ ಗೌರವ. ಇವತ್ತು ನಮ್ಮ ಹಳ್ಳಿಯ ಕಿರಾಣಿ ಅಂಗಡಿಯ ಹುಡುಗನೂ ಫೋನ್ ಮಾಡಿ, 'ಅಣ್ಣಾ, ತತ್ತಿ ರೇಟ್ ಏನ್ ನಡದದ್ರಿ ಇವತ್ತ?' ಅಂತ ಕೇಳುತ್ತಾನೆ. ಕೇಳುವ ಮೊದಲೇ ಅವನು ಮೊಬೈಲಿನಲ್ಲಿ ನೋಡಿರುತ್ತಾನೆ. ನಾನು ಸುಳ್ಳು ಹೇಳಲು ದಾರಿಯೇ ಇಲ್ಲ. ಹಾಗೇ ಇರಬೇಕು.

ಮೊಟ್ಟೆ ರೇಟಿಗೆ ಅದರದೇ ಆದ ವರ್ಷದ ಓಟ ಇದೆ. ಶ್ರಾವಣ ಬಂತೆಂದರೆ ಇಳಿಯುತ್ತದೆ. ನಮ್ಮ ಕಡೆ ಶ್ರಾವಣ ಹಿಡಿಯುವವರು ಬಹಳ, ತಿಂಗಳಿಡೀ ಎಷ್ಟೋ ಮನೆಯಲ್ಲಿ ತತ್ತಿ ಒಳಗೆ ಬರುವುದಿಲ್ಲ. ನವರಾತ್ರಿಯಲ್ಲಿ ಮತ್ತೆ ಸ್ವಲ್ಪ ತಣ್ಣಗಾಗುತ್ತದೆ. ಚಳಿ ಬಿದ್ದ ಮೇಲೆ ಉತ್ತರದ ರಾಜ್ಯಗಳಲ್ಲಿ ಬೇಡಿಕೆ ಏರಿ ತೆಲಂಗಾಣ, ಆಂಧ್ರದ ಮಾಲು ಅತ್ತ ಓಡುತ್ತದೆ. ಆಗ ಡಿಸೆಂಬರ್, ಜನವರಿಯಲ್ಲಿ ರೇಟು ಮೇಲೇರುತ್ತದೆ. ಬೇಸಿಗೆಯಲ್ಲಿ ತಿನ್ನುವವರು ಕಡಿಮೆ.

ಬೇಸಿಗೆಯ ಇನ್ನೊಂದು ತೊಂದರೆ ನನ್ನಂಥವನಿಗೇ ಗೊತ್ತು. ನಮ್ಮ ಕಡೆ 42, 43 ಡಿಗ್ರಿ ಬಿಸಿಲು ಹೊಸದಲ್ಲ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಹಾಗೆ ಉಸಿರು ಬಿಟ್ಟಷ್ಟೂ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೋನೇಟ್ ಸಾಲುವುದಿಲ್ಲ. ಮೇವೂ ಕಡಿಮೆ ತಿನ್ನುತ್ತದೆ. ಆಮೇಲೆ ಬರುವ ಮೊಟ್ಟೆ ಸಣ್ಣದು, ಚಿಪ್ಪು ತೆಳು. ಮೇ ತಿಂಗಳಲ್ಲಿ ಟ್ರೇ ಎತ್ತುವಾಗಲೇ ಕೈಗೆ ಗೊತ್ತಾಗುತ್ತದೆ. ಒಂದಕ್ಕೊಂದು ತಾಗಿದ ಸದ್ದೇ ಬೇರೆ, ಟಕ್ ಅನ್ನುವ ಬದಲು ಚಿರ್ ಅನ್ನುತ್ತದೆ. ಬಿರುಕು ಬಿಟ್ಟಿದ್ದನ್ನು ಬೇರೆ ಟ್ರೇಗೆ ತೆಗೆದು ಅದೇ ದಿನ ಎಗ್ ರೈಸ್ ಗಾಡಿಯವರಿಗೆ ಕಡಿಮೆ ರೇಟಿಗೆ ಕೊಡುತ್ತೇನೆ. ಮರುದಿನಕ್ಕೆ ಇಡುವುದಿಲ್ಲ.

ಈಗೀಗ ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮೊಟ್ಟೆ ಬೇಡಿಕೆ ಶಾಲೆಯ ಗಂಟೆಯ ಜೊತೆ ನಡೆಯುತ್ತದೆ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಶುರುವಾದದ್ದೇ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ಮಕ್ಕಳಲ್ಲಿ ಅಪೌಷ್ಟಿಕತೆ ಇಲ್ಲಿ ಹೆಚ್ಚು ಅನ್ನುವ ಕಾರಣಕ್ಕೆ. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ಕೊಡಲು ಮುಂದೆ ಬಂದ ಮೇಲೆ ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನ ಆಯಿತು. ಇದಕ್ಕಿಂತ ಒಳ್ಳೆ ಕೆಲಸ ನಮ್ಮ ಭಾಗಕ್ಕೆ ಬಂದಿಲ್ಲ ಅಂತ ನಾನು ಮನಸಾರೆ ನಂಬುತ್ತೇನೆ. ಮಗು ತಟ್ಟೆ ಹಿಡಿದು ಮೊಟ್ಟೆಗೆ ಕಾಯುವುದನ್ನು ನೋಡಿದವರು ಇದನ್ನು ಬೇಡ ಅನ್ನಲಾರರು.

ಆದರೆ ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದು ಮೊಟ್ಟೆಗೆ ಇಟ್ಟದ್ದು 6 ರೂಪಾಯಿ. ಆ 6 ರೂಪಾಯಿ ನಿಂತ ನೀರು, ಮಾರುಕಟ್ಟೆ ಹರಿಯುವ ನೀರು. ಶ್ರಾವಣದಲ್ಲಿ ಅದು ಸಾಲುತ್ತದೆ. ಜನವರಿಯಲ್ಲಿ ಪೇಪರ್ ರೇಟೇ ಆರರ ಹತ್ತಿರ ಬಂದು ನಿಂತರೆ ಹೆಡ್‌ಮಾಸ್ತರು ಏನು ಮಾಡಬೇಕು? ನನ್ನ ಹತ್ತಿರ ತೆಗೆದುಕೊಳ್ಳುವ ಮಾಸ್ತರರು ಇದ್ದಾರೆ. ಅವರಿಗೆ ನಾನು ಲಾಭ ಬಿಟ್ಟು ಕೊಡುತ್ತೇನೆ. ಅವರೂ ಕೈಯಿಂದ ಹಾಕುತ್ತಾರೆ. ಎನ್‌ಇಸಿಸಿ ರೇಟ್ ದಿನಾ ಕಣ್ಣ ಮುಂದೆ ಇರುವಾಗ, ಆಯಾ ತಿಂಗಳ ಸರಾಸರಿ ಹಿಡಿದು ಶಾಲೆಗೆ ಹಣ ಕೊಡುವುದು ಕಷ್ಟದ ಕೆಲಸ ಅಲ್ಲ. ಇದನ್ನು ಯಾರಾದರೂ ಮೇಲಿನವರು ಓದಿದರೆ ದಯವಿಟ್ಟು ಯೋಚನೆ ಮಾಡಬೇಕು.

ಕೋಳಿಯದು ಬೇರೆ ಕತೆ. ಬ್ರಾಯ್ಲರ್ ಸಾಕುವವರಲ್ಲಿ ಈಗ ಹೆಚ್ಚಿನವರು ಕಂಪನಿ ಜೊತೆ ಕರಾರು ಮಾಡಿಕೊಂಡವರು. ಮರಿ, ಮೇವು, ಔಷಧ ಅವರದು. ಶೆಡ್ಡು, ನೀರು, ಕರೆಂಟು, ದುಡಿಮೆ ಇವರದು. ನಲವತ್ತು ದಿನ ದಾಟಿದ ಮೇಲೆ ಎರಡು ಕೆಜಿ ಆಜುಬಾಜು ತೂಗುವ ಕೋಳಿಯನ್ನು ಅವರು ಎತ್ತಿಕೊಂಡು ಹೋಗುತ್ತಾರೆ, ಕೆಜಿಗೆ ಇಷ್ಟು ಅಂತ ಸಾಕಿದ ಕೂಲಿ ಕೊಡುತ್ತಾರೆ. ನನ್ನ ತಮ್ಮನಿಗೆ ಅಂಗಡಿಯ ಬೋರ್ಡಿನ ರೇಟಿಗಿಂತ ಮುಖ್ಯವಾದದ್ದು ಎಷ್ಟು ಮೇವಿಗೆ ಎಷ್ಟು ತೂಕ ಬಂತು ಅನ್ನುವುದು. ಹಾಗಾಗಿ ಏಪ್ರಿಲ್, ಮೇ ಬಂದರೆ ಅವನು ಮನೆಗೆ ಬರುವುದೇ ಅಪರೂಪ. ಬೆಳಿಗ್ಗೆ ಹತ್ತೂವರೆಗೆ ಮೇವಿನ ಡಬ್ಬ ಮೇಲೆತ್ತಿಬಿಡುತ್ತಾನೆ. ತಿಂದ ಹೊಟ್ಟೆಗೆ ಬಿಸಿಲು ತಡೆಯುವುದಿಲ್ಲ. ತಗಡಿನ ಮೇಲೆ ಕಡಬಿ ಹೊದಿಸಿ ನೀರು ಹಾರಿಸುತ್ತಾನೆ, ಪಕ್ಕಕ್ಕೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾನೆ, ಕುಡಿಯುವ ನೀರಿಗೆ ಬೆಲ್ಲ, ನಿಂಬೆಹಣ್ಣು ಹಾಕುತ್ತಾನೆ. ಸಂಜೆ ನಾಲ್ಕರ ಮೇಲೆ ಮತ್ತೆ ಮೇವು. ಕರೆಂಟು ಹೋದ ಮಧ್ಯಾಹ್ನ ಅವನ ಮುಖ ನೋಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಚಿಕನ್ ತುಟ್ಟಿ ಆಗುವುದು ಇದಕ್ಕೇ. ಸಾಯುವ ಕೋಳಿ ಜಾಸ್ತಿ, ತೂಕ ಬರುವುದು ತಡ, ಎಷ್ಟೋ ಜನ ಆ ಬ್ಯಾಚೇ ಹಾಕುವುದಿಲ್ಲ.

ಚಿಕನ್ ಅಂಗಡಿಯಲ್ಲಿ ಜಗಳ ಮಾಡುವವರಿಗೆ ಒಂದು ಲೆಕ್ಕ ಹೇಳಬೇಕು. ಜೀವಂತ ಕೋಳಿ ಕೆಜಿಗೆ 120 ಅಂದರೆ ಎರಡು ಕೆಜಿಯ ಕೋಳಿಗೆ 240 ಆಯಿತು. ಪುಕ್ಕ, ಚರ್ಮ, ತಲೆ, ಕಾಲು, ಕರುಳು ಎಲ್ಲ ತೆಗೆದರೆ ಉಳಿಯುವುದು ಸುಮಾರು 1.3 ಕೆಜಿ. ಅಲ್ಲಿಗೇ ಕೆಜಿಗೆ 185 ಬಿತ್ತು. ಇನ್ನು ಕಟ್ ಮಾಡುವವನ ಕೂಲಿ, ಅಂಗಡಿ ಬಾಡಿಗೆ. ಸ್ಕಿನ್‌ಲೆಸ್ ರೇಟು ಫಾರ್ಮ್ ರೇಟಿಗಿಂತ ಅಷ್ಟು ಮೇಲೆ ಯಾಕಿದೆ ಅನ್ನುವುದಕ್ಕೆ ಇದೇ ಉತ್ತರ.

ಜವಾರಿ ಕೋಳಿಗೆ ಈ ಲೆಕ್ಕ ಯಾವುದೂ ಇಲ್ಲ. ಸಂತೆಯಲ್ಲಿ ರೆಕ್ಕೆ ಹಿಡಿದು ಎತ್ತಿ, ಎದೆಯ ಎಲುಬು ಮುಟ್ಟಿ ನೋಡಿ, ಅಂದಾಜಿನ ಮೇಲೆ ವ್ಯಾಪಾರ ಮುಗಿಯುತ್ತದೆ. ಗಿರಿರಾಜ, ಸ್ವರ್ಣಧಾರ ಕೋಳಿಯನ್ನೇ ಜವಾರಿ ಅಂತ ಹೇಳಿ ಮಾರುವವರೂ ಇದ್ದಾರೆ. ಅವು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ತಳಿಗಳು, ಹಿತ್ತಲಲ್ಲಿ ಸಾಕಲು ಬಹಳ ಒಳ್ಳೆಯವು. ಅವುಗಳ ಹೆಸರನ್ನೇ ಹೇಳಿ ಮಾರಿದರೆ ಏನೂ ಕಡಿಮೆ ಆಗುವುದಿಲ್ಲ.

ಕೋಳಿ ರೇಟಿಗೆ ದೊಡ್ಡ ಶತ್ರು ಸುದ್ದಿ. 2020ರ ಫೆಬ್ರವರಿ, ಮಾರ್ಚಿನಲ್ಲಿ ಚಿಕನ್ ತಿಂದರೆ ಕೊರೊನಾ ಬರುತ್ತದೆ ಅಂತ ಮೊಬೈಲಿನಲ್ಲಿ ಸುಳ್ಳು ಹರಿದಾಡಿತು. ಆಗ ಸುಮ್ನೆ ಕೊಟ್ಟರೂ ಕೋಳಿ ಒಯ್ಯುವವರಿರಲಿಲ್ಲ. 2025ರ ಜನವರಿಯಲ್ಲಿ ನಮ್ಮ ಗಡಿಯಾಚೆ ಉದಗೀರಿನಲ್ಲಿ ಕಾಗೆಗಳು ಸತ್ತವು, ಹಕ್ಕಿಜ್ವರ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಸ್ವಲ್ಪ ದಿನದಲ್ಲೇ ತೆಲಂಗಾಣ, ಆಂಧ್ರ, ಆಮೇಲೆ ನಮ್ಮ ಬಳ್ಳಾರಿ, ಚಿಕ್ಕಬಳ್ಳಾಪುರ. ಈ ಸಲ ಸುದ್ದಿ ನಿಜವಿತ್ತು, ಎಚ್ಚರಿಕೆ ಬೇಕಿತ್ತು. ಆದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಕೋಳಿಯಲ್ಲಿ ಆ ವೈರಸ್ ಉಳಿಯುವುದಿಲ್ಲ, 70 ಡಿಗ್ರಿ ಶಾಖ ಸಾಕು ಅನ್ನುವ ಮಾತು ಮಾತ್ರ ಅಷ್ಟು ದೂರ ಹೋಗಲಿಲ್ಲ.

ಈಗ ಈ ಮೊಟ್ಟೆ, ಕೋಳಿ ನಮ್ಮ ಹೊಲಕ್ಕೆ ಹೇಗೆ ಗಂಟು ಬಿದ್ದಿವೆ ಅಂತ ಹೇಳುತ್ತೇನೆ. ಮೊಟ್ಟೆ ಕೋಳಿ ದಿನಕ್ಕೆ 110 ಗ್ರಾಂ ಹತ್ತಿರ ಮೇವು ತಿನ್ನುತ್ತದೆ. ಆ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳ. ಪ್ರೋಟೀನಿಗೆ ಸೋಯಾ ಹಿಂಡಿ. ಸೋಯಾ ಅಂದರೆ ನಮ್ಮ ಬೀದರ್. ಮುಂಗಾರಿನಲ್ಲಿ ಭಾಲ್ಕಿ, ಔರಾದ್, ಬಸವಕಲ್ಯಾಣ ಯಾವ ಕಡೆ ಹೋದರೂ ಹೊಲದ ತುಂಬ ಸೋಯಾ. 2021ರ ಆಗಸ್ಟಿನಲ್ಲಿ ಸೋಯಾ ಕ್ವಿಂಟಲಿಗೆ ಹತ್ತು ಸಾವಿರ ಮುಟ್ಟಿದಾಗ ಕೋಳಿ ಸಾಕುವವರು ಕಂಗಾಲಾದರು. ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಿಸಲು ಒಪ್ಪಿಗೆ ಕೊಟ್ಟಿತು. 2024ರಲ್ಲಿ ಉಲ್ಟಾ ಆಯಿತು. ಬೆಂಬಲ ಬೆಲೆ 4,892 ಇದ್ದರೂ ಗಂಜ್ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೇ ಹೋಯಿತು. ಆ ವರ್ಷ ತಮ್ಮನ ಶೆಡ್ಡಿಗೆ ಮೇವು ಸೋವಿ ಅಂತ ಕಂಪನಿಯವರಿಗೆ ಸಮಾಧಾನ. ಅದೇ ಮನೆಯಲ್ಲಿ ಅಪ್ಪ ಸೋಯಾ ಚೀಲದ ಮೇಲೆ ಕೈಯಿಟ್ಟು ಕೂತಿದ್ದರು.

ಸೋಯಾ ಬಂದಾಗ ಹೊಲದಿಂದ ಹೋದದ್ದು ಏನು? ಹೆಸರು, ಉದ್ದು ಸ್ವಲ್ಪ ಹೋಯಿತು. ಅದಕ್ಕಿಂತ ಜಾಸ್ತಿ ಹೋದದ್ದು ಜೋಳ. ಜೋಳ ಹೋದರೆ ಕಡಬಿ ಹೋಯಿತು ಅಂತಲೇ ಲೆಕ್ಕ. ಕಲಬುರಗಿ ಕಡೆ ಇದನ್ನೇ ಕಣಿಕಿ ಅನ್ನುತ್ತಾರೆ. ಅಲ್ಲಿ ಜೋಳದ ಹೊಲ ತೊಗರಿಗೆ ಹೋಯಿತು, ಯಾದಗಿರಿ ಕಡೆ ಹತ್ತಿಗೂ ಭತ್ತಕ್ಕೂ ಹೋಯಿತು. ಹಿಂಗಾರಿ ಬಿಳಿಜೋಳ ಉಳಿದಿದೆ, ಆದರೆ ಎಲ್ಲರೂ ತಿನ್ನುವಷ್ಟಕ್ಕೆ ಅಂತ ಎಕರೆ ಎರಡು ಎಕರೆ ಹಾಕುತ್ತಾರೆ. ಮಾಲದಂಡಿ ಜೋಳವನ್ನು ಬೇರು ಸಮೇತ ಕೈಯಿಂದ ಕೀಳಬೇಕು. ಕಿತ್ತು, ಸಾಲಾಗಿ ಹಾಕಿ, ತೆನೆ ಮುರಿದು, ಒಣಗಿಸಿ, ಪೆಂಡಿ ಕಟ್ಟಬೇಕು. ಕಪ್ಪು ಮಣ್ಣು ಬಿರಿದು ಗಟ್ಟಿಯಾದ ಮೇಲೆ ಜೋಳ ಕೀಳುವುದು ಎಷ್ಟು ಕಷ್ಟ ಅಂತ ಕಿತ್ತವರಿಗೇ ಗೊತ್ತು, ಅಂಗೈ ಎರಡು ದಿನ ಮುಷ್ಟಿ ಕಟ್ಟಲು ಬರುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹುಟ್ಟುವುದಿಲ್ಲ. ಸೋಯಾ ಆದರೆ ಯಂತ್ರ ಬಂದು ಒಂದು ತಾಸಿನಲ್ಲಿ ಮುಗಿಸಿ ಹೋಗುತ್ತದೆ.

ಹಿಂದೆ ಕಡಬಿ ಮಾರುವ ವಸ್ತುವೇ ಆಗಿರಲಿಲ್ಲ. ಪ್ರತಿ ಮನೆಯ ಹಿಂದೆ ಬಣವಿ ಇರುತ್ತಿತ್ತು. ಪಕ್ಕದ ಮನೆಯ ಬಣವಿ ಮುಗಿದರೆ ಹತ್ತಿಪ್ಪತ್ತು ಪೆಂಡಿ ಕೊಡುತ್ತಿದ್ದರು, ಸುಗ್ಗಿಯಲ್ಲಿ ತಿರುಗಿ ಕೊಡುತ್ತಿದ್ದರು. ಆಗ ಎತ್ತು ಇದ್ದವನೇ ಜೋಳ ಬೆಳೆಯುತ್ತಿದ್ದ. ಈಗ ಹೊಲ ಇದ್ದವನ ಹತ್ತಿರ ಟ್ರಾಕ್ಟರ್ ಇದೆ, ಎತ್ತಿಲ್ಲ, ಅವನಿಗೆ ಕಡಬಿ ಬೇಕಾಗಿಲ್ಲ. ಎಮ್ಮೆ ಕಟ್ಟಿದವರು ಹೆಚ್ಚಾಗಿ ಹೊಲ ಇಲ್ಲದವರು, ಇಲ್ಲವೇ ನಮ್ಮಂಥ ಸಣ್ಣವರು. ಅವರು ದುಡ್ಡು ಕೊಟ್ಟು ಕೊಳ್ಳಲೇಬೇಕು. ಕಡಬಿ ಈಗ ಪೂರಾ ಮಾರುಕಟ್ಟೆಯ ವಸ್ತು ಆಗಿದೆ, ಆದರೆ ಅದಕ್ಕೆ ಮಾರುಕಟ್ಟೆ ಮಾತ್ರ ಹುಟ್ಟಿಲ್ಲ. ತೊಗರಿ, ಸೋಯಾ, ಜೋಳಕ್ಕೆ ಎಪಿಎಂಸಿ ರೇಟ್ ಇದೆ, ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ದಿನಾ ಹಾಕುತ್ತಾರೆ. ಹಾಲಿಗೆ ಫ್ಯಾಟ್ ನೋಡಿ ಚೀಟಿ ಕೊಡುತ್ತಾರೆ. ಇವತ್ತು ಕಡಬಿ ಇಷ್ಟು ಅಂತ ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲೂ ಬರೆದು ಹಾಕಿದ್ದು ನಾನು ಕಂಡಿಲ್ಲ.

ಕಡಬಿ ಮಾರುವುದು ನೂರು ಪೆಂಡಿ ಲೆಕ್ಕದಲ್ಲಿ, ಇಲ್ಲವೇ ಟ್ರಾಕ್ಟರ್ ಲೆಕ್ಕದಲ್ಲಿ. ಪೆಂಡಿ ಎಷ್ಟು ದಪ್ಪ? ಕಟ್ಟಿದವನ ತೋಳಿನಷ್ಟು. ಕಳೆದ ಸುಗ್ಗಿಯಲ್ಲಿ ಎರಡು ಊರಿನವರು ರೇಟ್ ಹೇಳಿದರು. ಒಬ್ಬರದು ನೂರಕ್ಕೆ 1,800, ಇನ್ನೊಬ್ಬರದು 2,200. ಅವ್ವ 1,800ರದ್ದೇ ತಗೋ ಅಂದಳು. ನಾನು ಅಂಗಡಿಯ ತಕ್ಕಡಿ ಒಯ್ದು ಎರಡೂ ಕಡೆ ಹತ್ತು ಹತ್ತು ಪೆಂಡಿ ತೂಗಿದೆ. ಮೊದಲನೆಯದು ಪೆಂಡಿಗೆ 2 ಕೆಜಿ, ಎರಡನೆಯದು 2.75 ಕೆಜಿ. ಅಂದರೆ ಸೋವಿ ಅಂದುಕೊಂಡದ್ದು ಕೆಜಿಗೆ 9 ರೂಪಾಯಿ, ತುಟ್ಟಿ ಅಂದುಕೊಂಡದ್ದು ಕೆಜಿಗೆ 8. ಮಾರುವ ಹಿರಿಯರಿಗೂ ಇದು ಗೊತ್ತಿರಲಿಲ್ಲ. 'ತೂಗಿ ಕಡಬಿ ಮಾರಿದ್ದು ನಾ ಎಂದೂ ನೋಡಿಲ್ಲಪ್ಪ' ಅಂದರು. ತೂಗಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ದಪ್ಪ ಪೆಂಡಿ ಕಟ್ಟಿದವರು ಖುಷಿಯನ್ನೇ ಪಟ್ಟರು.

ತೂಕದ ಜೊತೆ ಗುಣವನ್ನೂ ನೋಡಬೇಕು. ಪೆಂಡಿಯ ನಡುವಿನಿಂದ ಒಂದು ದಂಟು ಎಳೆದು ಬುಡದ ಹತ್ತಿರ ಮುರಿಯಿರಿ. ಒಳಗಿನ ತಿರುಳು ಬೆಳ್ಳಗಿದ್ದು, ನಾಲಗೆಗೆ ಸ್ವಲ್ಪ ಸಿಹಿ ಹತ್ತಿದರೆ ಒಳ್ಳೆ ಮಾಲು. ಗರಿ ಇನ್ನೂ ದಂಟಿಗೆ ಅಂಟಿಕೊಂಡಿರಬೇಕು, ದನ ಮೊದಲು ತಿನ್ನುವುದು ಗರಿಯನ್ನೇ. ಗಿಣ್ಣಿನ ಹತ್ತಿರ ಕಪ್ಪು ಪುಡಿ ಬೆರಳಿಗೆ ಹತ್ತಿದರೆ ಅಕಾಲದ ಮಳೆಗೆ ಸಿಕ್ಕು ಬೂಷ್ಟು ಬಂದದ್ದು. ಅದನ್ನು ಎಷ್ಟು ಸೋವಿ ಕೊಟ್ಟರೂ ತರಬೇಡಿ. ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ, ಹಸಿವಿಗೆ ತಿಂದರೆ ಹೊಟ್ಟೆ ಕೆಡುತ್ತದೆ.

ಕಡಬಿ ಸಾಲದ ಜಾಗಕ್ಕೆ ಈಗ ಭತ್ತದ ಹುಲ್ಲು ಬರುತ್ತಿದೆ. ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತ ಬಹಳ. ಯಂತ್ರದಲ್ಲಿ ಕೊಯ್ದ ಮೇಲೆ ಹುಲ್ಲು ಹೊಲದಲ್ಲೇ ಹರಡಿ ಬಿದ್ದಿರುತ್ತದೆ, ಮೊದಲು ಅದಕ್ಕೆ ಬೆಂಕಿ ಹಚ್ಚುತ್ತಿದ್ದರು. ಈಗ ಬೇಲರ್ ಯಂತ್ರ ಬಂದು ಸುತ್ತಿ ರೋಲ್ ಮಾಡುತ್ತದೆ. ಜೇವರ್ಗಿ, ಕಲಬುರಗಿ, ಕಮಲಾಪುರ ದಾಟಿ ಲಾರಿ ನಮ್ಮ ಕಡೆ ಬರುವ ಹೊತ್ತಿಗೆ ಹೊಲದಲ್ಲಿ 50 ರೂಪಾಯಿ ಇದ್ದ ರೋಲ್ 90 ಆಗಿರುತ್ತದೆ. ಹುಲ್ಲು ಹಗುರ, ಜಾಗ ಜಾಸ್ತಿ ಹಿಡಿಯುತ್ತದೆ. ಲಾರಿ ತುಂಬಿದರೂ ತೂಕ ತುಂಬುವುದಿಲ್ಲ. ಹಾಗಾಗಿ ಬಾಡಿಗೆಯೇ ಬೆಲೆ ಆಗಿಬಿಡುತ್ತದೆ. ಭತ್ತದ ಹುಲ್ಲು ಕಡಬಿಯಷ್ಟು ರುಚಿ ಇಲ್ಲ, ಸತ್ವವೂ ಕಡಿಮೆ. ಅದನ್ನೇ ಹಾಕಬೇಕಾದವರು ಯೂರಿಯಾ ಉಪಚಾರ ಮಾಡಿ ಹಾಕಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, ಐವತ್ತು ಅರವತ್ತು ಲೀಟರ್ ನೀರಿನಲ್ಲಿ ಪೂರಾ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ತಾಡಪಾಲು ಮುಚ್ಚಿ ಮೂರು ವಾರ ಇಡಬೇಕು. ತೆಗೆದ ಮೇಲೆ ಗಾಳಿಗೆ ಹರಡಿ ಆಮೇಲೆ ಹಾಕಬೇಕು, ಸಣ್ಣ ಕರುಗಳಿಗೆ ಹಾಕಬಾರದು. ಅಳತೆ ತಪ್ಪಿದರೆ ಜೀವಕ್ಕೆ ಅಪಾಯ, ಅದಕ್ಕೆ ಮೊದಲ ಸಲ ಪಶು ಡಾಕ್ಟರ ಮುಂದೆಯೇ ಮಾಡಿ. ನಮ್ಮ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಕೇಳಿದರೆ ಹೇಳಿಕೊಡುತ್ತಾರೆ.

ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ಕಡಿಯುವ ಕಾಲಕ್ಕೆ ವಾಡಿ, ಅಂದರೆ ಕಬ್ಬಿನ ತುದಿಯ ಹಸಿರು ಗರಿ, ಸಿಗುತ್ತದೆ. ಅದು ಮೂರ್ನಾಲ್ಕು ತಿಂಗಳ ಆಸರೆ. ತೊಗರಿ ಹೊಟ್ಟು ಆಡಿಗೆ ಒಳ್ಳೆಯದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಡಬಿ ಕೆಜಿಗೆ ಮೂರು ರೂಪಾಯಿ ಏರಿದರೆ ಯಾವ ಪೇಪರಿನಲ್ಲೂ ಬರುವುದಿಲ್ಲ. ಆದರೆ ಎಮ್ಮೆಯೊಂದಕ್ಕೆ ದಿನಕ್ಕೆ 8 ಕೆಜಿ ಒಣ ಮೇವು ಹಿಡಿಯಿರಿ. 24 ರೂಪಾಯಿ ಹೆಚ್ಚಾಯಿತು. ಆ ಎಮ್ಮೆ 5 ಲೀಟರ್ ಹಾಲು ಕೊಟ್ಟರೆ ಲೀಟರಿಗೆ ಹತ್ತಿರ ಹತ್ತಿರ 5 ರೂಪಾಯಿ. ಸರ್ಕಾರ ಡೇರಿಗೆ ಹಾಲು ಹಾಕುವವರಿಗೆ ಕೊಡುವ ಪ್ರೋತ್ಸಾಹಧನವೂ ಲೀಟರಿಗೆ 5 ರೂಪಾಯಿಯೇ. ಎಷ್ಟು ವರ್ಷ ಕೇಳಿ ಪಡೆದ ಆ 5 ರೂಪಾಯಿ, ಯಾರಿಗೂ ಕಾಣದ ಹಾಗೆ ಕಡಬಿಯಲ್ಲೇ ಕರಗಿ ಹೋಗುತ್ತದೆ. 2023ರ ಬರದಲ್ಲಿ ಇದೇ ಆಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಉಕ್ಕಿದಾಗ ನದಿ ದಂಡೆಯ ಹಳ್ಳಿಗಳಲ್ಲಿ ಬೆಳೆಯ ಜೊತೆ ಬಣವಿಯೂ ನೀರುಪಾಲಾಯಿತು. ಬೆಳೆಗೆ ಪರಿಹಾರದ ಮಾತು ಬಂತು. ಬಣವಿಗೆ ಬೆಲೆ ಕಟ್ಟಬೇಕಾದರೆ ಯಾವ ರೇಟ್ ಹಿಡಿಯುತ್ತೀರಿ? ಬರೆದಿಟ್ಟ ರೇಟೇ ಇಲ್ಲವಲ್ಲ.

ಹಾಗಾಗಿ ನಾನು ನನ್ನ ಕೈಲಾದದ್ದು ಶುರು ಮಾಡಿದ್ದೇನೆ. ಅಂಗಡಿ ಮುಂದಿನ ಬೋರ್ಡಿನಲ್ಲಿ ಮೊಟ್ಟೆ ರೇಟಿನ ಕೆಳಗೆ ಕಡಬಿ ರೇಟೂ ಬರೆಯುತ್ತೇನೆ. ನೂರು ಪೆಂಡಿಗೆ ಎಷ್ಟು, ಪೆಂಡಿಯ ತೂಕ ಎಷ್ಟು, ಕೆಜಿಗೆ ಎಷ್ಟು ಬಿತ್ತು, ಯಾವ ಕಡೆಯ ಮಾಲು. ದಿನಾ ಅಲ್ಲ, ಹೊಸ ವ್ಯವಹಾರ ಕಿವಿಗೆ ಬಿದ್ದಾಗ. ತತ್ತಿ ಒಯ್ಯಲು ಬಂದವರು ನಿಂತು ಓದುತ್ತಾರೆ, ತಮ್ಮೂರಿನ ರೇಟು ಹೇಳಿ ಹೋಗುತ್ತಾರೆ. ಸುಗ್ಗಿ ಮುಗಿದ ಫೆಬ್ರವರಿ, ಮಾರ್ಚಿನಲ್ಲಿ ಕಡಿಮೆ ಇದ್ದದ್ದು ಜೂನ್, ಜುಲೈ ಹೊತ್ತಿಗೆ, ಹಸಿರು ಮೇವು ಬರುವ ಮೊದಲು, ಎಷ್ಟು ಏರುತ್ತದೆ ಅಂತ ಈಗ ಬರಹದಲ್ಲಿ ಕಾಣುತ್ತಿದೆ. ಒಬ್ಬ ಹೆಣ್ಣುಮಗಳು ಬೋರ್ಡ್ ನೋಡಿ ಸಂಘದಲ್ಲಿ ಸಾಲ ತೆಗೆದು ಸುಗ್ಗಿಯಲ್ಲೇ ಇಡೀ ವರ್ಷದ ಕಡಬಿ ಹಾಕಿಸಿಕೊಂಡರು. ಬಡ್ಡಿ ಕಳೆದರೂ ಉಳಿಯಿತು ಅಂತ ಹೇಳಲು ಮತ್ತೆ ಬಂದಿದ್ದರು.

ಇದನ್ನು ಹುಮನಾಬಾದಿನ ಒಂದು ಅಂಗಡಿ ಮಾಡಿದರೆ ಸಾಲದು. ಪ್ರತಿ ಹಾಲಿನ ಡೇರಿಯಲ್ಲಿ ತಕ್ಕಡಿ ಇದೆ, ಬೋರ್ಡ್ ಇದೆ, ದಿನಕ್ಕೆರಡು ಸಲ ಎಮ್ಮೆ ಕಟ್ಟಿದವರು ಅಲ್ಲಿಗೆ ಬರುತ್ತಾರೆ. ವಾರಕ್ಕೊಮ್ಮೆ ಊರಿನ ಮೇವಿನ ರೇಟು ಕೆಜಿ ಲೆಕ್ಕದಲ್ಲಿ ಅಲ್ಲಿ ಬರೆದರೆ ಆಯಿತು. ಅದನ್ನು ತಾಲ್ಲೂಕಿನಲ್ಲಿ ಒಟ್ಟು ಮಾಡಿದರೆ ಶಹಾಪುರದ ಹುಲ್ಲು ಎಷ್ಟಕ್ಕೆ ಇದೆ, ಔರಾದಿನ ಕಡಬಿ ಎಷ್ಟಕ್ಕೆ ಇದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಬರ ಬಂದಾಗ ಮೇವು ಬ್ಯಾಂಕ್ ತೆರೆಯುವವರಿಗೂ ಎಲ್ಲಿಂದ ತರಬೇಕು ಅಂತ ತಡಕಾಡುವುದು ತಪ್ಪುತ್ತದೆ.

ಔರಾದ್, ಆಳಂದ, ಸೇಡಂ, ಚಿಂಚೋಳಿ, ಸುರಪುರ ಯಾವ ಕಡೆಯವರೇ ಓದುತ್ತಿದ್ದರೂ ಒಂದು ಉಪಕಾರ ಮಾಡಿ. ನಿಮ್ಮ ಊರಿನಲ್ಲಿ ಈ ವಾರ ಕಡಬಿ ಕೊಂಡವರು ಇದ್ದರೆ ಹತ್ತು ಪೆಂಡಿ ಒಟ್ಟಿಗೆ ತೂಗಿ. ಒಂದೇ ತೂಗಿದರೆ ಲೆಕ್ಕ ತಪ್ಪುತ್ತದೆ. ತೂಕ, ರೇಟು, ಮನೆಗೆ ಮುಟ್ಟಿಸಿದ ಬಾಡಿಗೆ ಬೇರೆ ಬೇರೆ ಬರೆದು ಕೆಳಗೆ ಹಾಕಿ. ಭತ್ತದ ಹುಲ್ಲಿನ ರೋಲ್ ಆದರೆ ರೋಲಿನ ತೂಕವನ್ನೂ ಬರೆಯಿರಿ. ಸುರಪುರ ಕಡೆಯ ರೋಲು ತೂಗಿದ ಲೆಕ್ಕ ನನ್ನ ಹತ್ತಿರ ಒಂದೂ ಇಲ್ಲ, ಮೊದಲು ಅದೇ ಬೇಕಾಗಿದೆ.